ಮೂರನೆಯ ಕೂಗು

ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ಗಂಟಲಣ್ಣ ಎಂದೇ ಕರೆಯುತ್ತಿದ್ದರು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿತ್ತು, ಆದರೆ ಅದನ್ನು ಸಂಬಳದ ಗುಮಾಸ್ತರೂ ಒಂದು ಗಳಿಗೆ ಯೋಚಿಸಿಯೇ ಹೇಳುತ್ತಿದ್ದರು. ಆಳು ನೋಡಿದರೆ ಸಣಕಲು. ದನಿ ಮಾತ್ರ ಮೂರು ಮಹಡಿ ಇಳಿದು, ಮುಂದಿನ ಅಂಗಳ ದಾಟಿ, ಸೈಕಲ್ಲು ನಿಲ್ಲಿಸುವ ಕಡೆ ಹರಟೆ ಹೊಡೆಯುವವರ ಕಿವಿಗೂ ಬೀಳುವಂಥದು. ಆ ದನಿಯ ದೆಸೆಯಿಂದಲೇ ಅವನನ್ನು ಇಲಾಖಾ ವಿಚಾರಣೆಯ ವಿಭಾಗಕ್ಕೆ ಜವಾನನಾಗಿ ಹಾಕಿದ್ದು. ಫೈಲು ಹೊರುವುದು, ನೀರು ತುಂಬಿಡುವುದು, ಚಹಾ ತರುವುದು ಎಲ್ಲ ಇತ್ತು. ಮುಖ್ಯವಾದ ಕೆಲಸ ಕೂಗುವುದು.

ಸರ್ಕಾರಿ ನೌಕರನನ್ನು ಕೆಲಸದಿಂದ ಕಿತ್ತುಹಾಕುವುದು ಹೊರಗಿನವರು ತಿಳಿದಷ್ಟು ಸುಲಭವಲ್ಲ, ಅದರಲ್ಲೂ ಕೇಂದ್ರ ಸರ್ಕಾರದವನನ್ನು. ಮೇಲಧಿಕಾರಿಗೆ ಸಿಟ್ಟು ಬಂದರೆ ಸಾಲದು. ಏನು ತಪ್ಪು ಎಂದು ಆರೋಪಪಟ್ಟಿ ಕೊಡಬೇಕು, ದಾಖಲೆ ತೋರಿಸಬೇಕು, ಸಾಕ್ಷಿಗಳನ್ನು ಅವನೇ ಪ್ರಶ್ನಿಸಲು ಬಿಡಬೇಕು, ಸಹಾಯಕ್ಕೆ ಇಲಾಖೆಯ ಒಬ್ಬನನ್ನು ಕರೆತರಲು ಬಿಡಬೇಕು. ಇಷ್ಟೆಲ್ಲ ಆದಮೇಲೂ ಶಿಕ್ಷೆಗೆ ಮುಂಚೆ ನಿನ್ನದೇನು ಹೇಳಪ್ಪ ಎಂದು ಇನ್ನೊಮ್ಮೆ ಕೇಳಬೇಕು. ಗಂಟಲಣ್ಣ ಇದನ್ನು ಪುಸ್ತಕ ಓದಿ ಕಲಿತವನಲ್ಲ. ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಕೂತು ಕಿವಿಯಲ್ಲೇ ಕಲಿತದ್ದು. ಹೊಸದಾಗಿ ಸೇರಿದ ಗುಮಾಸ್ತರಿಗೆ ಬೆರಳು ಮಡಿಸಿ ಪಾಠ ಹೇಳುತ್ತಿದ್ದ, ಅವರು ಚಹಾ ಕೊಡಿಸುತ್ತಿದ್ದರು.

ಕೆಲವರು ವಿಚಾರಣೆಗೆ ಬರುತ್ತಲೇ ಇರಲಿಲ್ಲ. ಅಂಥವರಿಗೆ ಆ ಕಚೇರಿ ಒಂದು ಪದ್ಧತಿ ಇಟ್ಟುಕೊಂಡಿತ್ತು. ಹನ್ನೊಂದಕ್ಕೆ ವಿಚಾರಣೆಯ ಕೋಣೆಯ ಬಾಗಿಲಲ್ಲಿ ಒಮ್ಮೆ, ಹನ್ನೊಂದೂವರೆಗೆ ಮುಂದಿನ ಮೆಟ್ಟಿಲ ತಲೆಯಲ್ಲಿ ಒಮ್ಮೆ, ಹನ್ನೆರಡಕ್ಕೆ ಹಿಂದಿನ ಮೆಟ್ಟಿಲ ತಲೆಯಲ್ಲಿ ಒಮ್ಮೆ, ಹೆಸರು ಮತ್ತು ಹುದ್ದೆ ಹಿಡಿದು ಕೂಗಬೇಕು. ಮೂರಕ್ಕೂ ಬಾರದಿದ್ದರೆ ಆ ದಿನದ ಹಾಳೆಯಲ್ಲಿ 'ಮೂರು ಬಾರಿ ಕೂಗಲಾಯಿತು, ಹಾಜರಿಲ್ಲ' ಎಂದು ಜವಾನನೇ ಷರಾ ಬರೆದು ರುಜು ಹಾಕಬೇಕು. ಹೀಗೆ ಮೂರು ದಿನದ ಮೂರು ಷರಾ ಕೂಡಿದರೆ ವಿಚಾರಣೆ ಅವನಿಲ್ಲದೆಯೇ ಮುಗಿಯುತ್ತದೆ, ಕೆಲಸವೂ ಅದರ ಜೊತೆಗೇ ಹೋಗುತ್ತದೆ. ದೊಡ್ಡ ದೊಡ್ಡ ಅಧಿಕಾರಿಗಳ ರುಜುವಿನ ಮೇಲೆ ತನ್ನ ರುಜು ಇರುವುದು ಗಂಟಲಣ್ಣನಿಗೆ ಹೆಮ್ಮೆಯ ಸಂಗತಿ. ಅದಕ್ಕೆಂದೇ ಕಿಸೆಯಲ್ಲಿ ಒಂದು ಒಳ್ಳೆಯ ಪೆನ್ನು ಇಟ್ಟುಕೊಂಡಿದ್ದ.

ಮುಚ್ಚಿಡುವುದೇಕೆ, ಅವನು ಮೂರು ಸಲ ಕೂಗುತ್ತಿರಲಿಲ್ಲ. ಒಂದೇ ಸಲ ಕೂಗುತ್ತಿದ್ದ. ಶುರುವಿನಲ್ಲಿ ಒಂದು ವರ್ಷ ನಿಯತ್ತಾಗಿ ಮೂರೂ ಕಡೆ ಹೋಗಿ ಕೂಗಿದವನೇ. ಬಾರದವರು ಬರಲೇ ಇಲ್ಲ. ಬರುವವರು ಕೂಗುವ ಮುಂಚೆಯೇ ಬಂದು ಬೆಂಚಿನ ಮೇಲೆ ಕೂತಿರುತ್ತಿದ್ದರು. ಒಂದು ದಿನ ಅವಸರದಲ್ಲಿದ್ದ ಅಧಿಕಾರಿಯೊಬ್ಬರು, ಕೂಗಿದ್ದಾಯಿತು ಎಂದು ಬರೆದುಬಿಡು ಎಂದರು. ಬರೆದ. ಆಕಾಶವೇನೂ ಕಳಚಿ ಬೀಳಲಿಲ್ಲ. ಅಂದಿನಿಂದ ಹನ್ನೊಂದಕ್ಕೆ ಬಾಗಿಲಲ್ಲಿ ಒಂದು ಕೂಗು ಹಾಕಿ ಸ್ಟೂಲಿನ ಮೇಲೆ ಕೂತರೆ, ಏಳುವುದು ಹನ್ನೆರಡಕ್ಕೆ, ಷರಾ ಬರೆಯಲಿಕ್ಕೆ. ಇಪ್ಪತ್ತೊಂಬತ್ತು ವರ್ಷ ಹಾಗೇ ನಡೆಯಿತು. ಇದನ್ನು ಸೋಮಾರಿತನ ಎಂದರೆ ಅವನಿಗೆ ನಿಜಕ್ಕೂ ಬೇಜಾರಾಗುತ್ತಿತ್ತು. ಅವನ ಲೆಕ್ಕದಲ್ಲಿ ಅದು ಅನುಭವ.

ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ರವಾನೆ ಗುಮಾಸ್ತನ ಫೈಲು ಬಂತು. ಪತ್ರಗಳಿಗೆ ನಂಬರು ಹಾಕಿ ಕಳಿಸುವ ಆ ಮನುಷ್ಯ ಒಂಬತ್ತು ತಿಂಗಳ ಹಿಂದೆ ಒಂದು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಮನೆಯಿಂದ ಹೊರಟಿದ್ದ, ಕಚೇರಿಗೆ ಬಂದಿರಲಿಲ್ಲ. ಅಷ್ಟೇ. ಹೆಂಡತಿ ಪೊಲೀಸರಿಗೆ ದೂರು ಕೊಟ್ಟಿದ್ದಳು. ವರ್ಷ ತುಂಬಿದ ಮೇಲೆ 'ಪತ್ತೆಯಾಗಿಲ್ಲ' ಎಂದು ಅವರು ಕಾಗದ ಕೊಡುತ್ತಾರೆ. ಅದು ಸಿಕ್ಕರೆ ಅವನು ಕಾಣೆಯಾದ ನೌಕರ, ಹೆಂಡತಿಗೆ ಕುಟುಂಬ ಪಿಂಚಣಿ ಬರುತ್ತದೆ, ಇಬ್ಬರು ಹೆಣ್ಣುಮಕ್ಕಳ ಜೊತೆ ಸರ್ಕಾರಿ ಮನೆಯಲ್ಲಿ ಸ್ವಲ್ಪ ಕಾಲ ಇರಬಹುದು. ಕಾಗದಕ್ಕೆ ಇನ್ನೂ ಮೂರು ತಿಂಗಳಿತ್ತು. ಅಲ್ಲಿಯವರೆಗೆ ಇಲಾಖೆಯ ಕಣ್ಣಿನಲ್ಲಿ ಅವನು ಹೇಳದೆ ಕೇಳದೆ ಗೈರುಹಾಜರಾದವನು. ಆ ಮೂರು ತಿಂಗಳೊಳಗೆ ವಿಚಾರಣೆ ಮುಗಿದು ವಜಾ ಆದೇಶ ಹೊರಬಿದ್ದರೆ ಅವಳ ಕೈಗೆ ಏನೂ ಉಳಿಯುವುದಿಲ್ಲ.

ಮೊದಲ ದಿನ ಅವಳು ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಗಂಟಲಣ್ಣ ಹನ್ನೊಂದಕ್ಕೆ ಒಂದು ಕೂಗು ಹಾಕಿದ, ಹನ್ನೆರಡಕ್ಕೆ ಬರೆದ. ಎರಡನೆಯ ಸಲವೂ ಹಾಗೇ. ಅವನು ಪೆನ್ನು ಕಿಸೆಗೆ ಸಿಕ್ಕಿಸಿಕೊಂಡು ಹೊರಬಂದಾಗ ಅವಳು ಎದ್ದು ಬಂದಳು. ಮುಖದಲ್ಲಿ ಜಗಳವಿರಲಿಲ್ಲ.

"ಅಣ್ಣಾ, ನೋಟೀಸಲ್ಲಿ ಮೂರು ಸಲ ಕೂಗ್ತಾರೆ ಅಂತಿತ್ತು. ನನಗೆ ಒಂದೇ ಸಲ ಕೇಳಿಸ್ತು," ಎಂದಳು. "ಅವರಿಗೆ ಒಂದು ಸಲಕ್ಕೆಲ್ಲ ಆಗಲ್ಲ. ಮನೇಲೂ ಅಷ್ಟೇ, ಮೂರನೇ ಸಲ ಕರೆದ ಮೇಲೇನೇ ಓಗೊಡ್ತಿದ್ದಿದ್ದು."

ಮಿಕ್ಕ ಎರಡನ್ನು ಮೆಟ್ಟಿಲ ಹತ್ತಿರ ಕೂಗಿದೆ, ನಿಮಗೆ ಕೇಳಿಸಿರಲಿಕ್ಕಿಲ್ಲ ಎಂದು ಗಂಟಲಣ್ಣ ಹೇಳಿದ. ಅವನ ಕೂಗು ಕೇಳಿಸಲಿಲ್ಲವೆಂದರೆ ಆ ಕಟ್ಟಡದ ಪಾರಿವಾಳವೂ ನಂಬುವುದಿಲ್ಲ. ಅವಳು ನಂಬಿದಳು. ಹೌದಾ ಅಣ್ಣಾ ಎಂದು ತಲೆಯಾಡಿಸಿ ಹೋದಳು. ಅವಳು ಬೈದಿದ್ದರೆ ಅವನು ಸಂಜೆಯೊಳಗೆ ಮರೆತುಬಿಡುತ್ತಿದ್ದ. ನಂಬಿದ್ದೇ ಗಂಟಲಲ್ಲಿ ಸಿಕ್ಕಿಕೊಂಡಿತು. ಮೂರನೆಯ ವಿಚಾರಣೆಗೆ ಹದಿನೈದು ದಿನವಿತ್ತು. ಆ ಹದಿನೈದು ದಿನವೂ ಊಟಕ್ಕೆ ಕೂತರೆ ಆ ಮಾತು ನೆನಪಾಗುತ್ತಿತ್ತು.

ಆ ದಿನ ಬಂತು. ಹನ್ನೊಂದಕ್ಕೆ ಬಾಗಿಲಲ್ಲಿ ನಿಂತು ಕೂಗಿದ. ಸ್ಟೂಲಿನ ಕಡೆ ಹೋದ ಕಾಲು ಅಲ್ಲೇ ನಿಂತಿತು. ಹನ್ನೊಂದೂವರೆಗೆ ಮುಂದಿನ ಮೆಟ್ಟಿಲ ತಲೆಗೆ ನಡೆದು ಅಲ್ಲಿಂದಲೂ ಕೂಗಿದ. ಕೆಳಗೆ ಕಾವಲುಗಾರ ಏನಾಯಿತೆಂದು ತಲೆಯೆತ್ತಿ ನೋಡಿದ. ಇಷ್ಟು ವರ್ಷದಲ್ಲಿ ಅವನು ಆ ಜಾಗದಿಂದ ಕೂಗು ಕೇಳಿರಲಿಲ್ಲ. ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಗಂಟಲಣ್ಣ ಹಿಂದಿನ ಮೆಟ್ಟಿಲಿನತ್ತ ಹೊರಟ. ಆ ಓಣಿಯಲ್ಲಿ ಎರಡೂ ಕಡೆ ಮುರಿದ ಕುರ್ಚಿಗಳ ರಾಶಿ, ಕಿಟಕಿ ಗಾಜಿಗೆ ವರ್ಷಗಳ ಧೂಳು. ಹೊರಗೆ ಸುಡುವ ಬಿಸಿಲಿದ್ದರೂ ಮೆಟ್ಟಿಲ ಬಾಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಗಡಿಯಾರ ನೋಡಿಕೊಂಡು, ಹೆಸರು ಹುದ್ದೆ ಹಿಡಿದು, ಹೊಟ್ಟೆಯಿಂದ ಕೂಗಿದ.

"ಬಂದೆ ಬಂದೆ."

ಕೆಳಗಿನಿಂದ ಗಂಡಸಿನ ದನಿ. ಭಯಪಡಿಸುವಂಥ ದನಿಯೇನಲ್ಲ. ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿರುವವನನ್ನು ಊಟಕ್ಕೆ ಕರೆದರೆ ಹೇಗೆ ಓಗೊಡುತ್ತಾನೋ ಹಾಗೆ, ಸ್ವಲ್ಪ ಎಳೆದು, ಸ್ವಲ್ಪ ಬೇಸರದಿಂದ. ಗಂಟಲಣ್ಣ ಕಟಕಟೆ ಹಿಡಿದು ಕಾದ. ಹೆಜ್ಜೆ ಸದ್ದು ಬರಲಿಲ್ಲ. ಯಾರಪ್ಪಾ ಅದು, ಮೇಲೆ ಬನ್ನಿ ಎಂದ. ಉತ್ತರವಿಲ್ಲ. ಮಂಡಿ ನೋವನ್ನು ಶಪಿಸುತ್ತ ಅರವತ್ತು ಮೆಟ್ಟಿಲು ಇಳಿದ. ಕೊನೆಯಲ್ಲಿ ಹಿಂದಿನ ಅಂಗಳಕ್ಕೆ ತೆರೆಯುವ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು, ಅದಕ್ಕೆ ಅಡ್ಡವಾಗಿ ಎರಡು ಕಬ್ಬಿಣದ ಬೀರು ನಿಲ್ಲಿಸಿದ್ದರು. ನೆಲದ ಧೂಳಿನ ಮೇಲೆ ಅವನ ಚಪ್ಪಲಿಯ ಗುರುತು ಬಿಟ್ಟರೆ ಇನ್ನೊಂದು ಗುರುತಿರಲಿಲ್ಲ. ಹತ್ತುವಾಗ ಒಮ್ಮೆಯೂ ಹಿಂದೆ ನೋಡಲಿಲ್ಲ.

ಮೇಲೆ ಅವಳು ಬೆಂಚಿನಿಂದ ಎದ್ದು ನಿಂತಿದ್ದಳು. ಓಣಿಯ ಆ ತುದಿಗೆ ಏನೂ ಕೇಳಿಸಿರಲಿಲ್ಲ, ಅವನ ಮುಖ ಮಾತ್ರ ಕಾಣಿಸಿತು.

"ಓಗೊಟ್ರಾ?" ಎಂದು ಕೇಳಿದಳು.

ಯಾರೋ ಓಗೊಟ್ಟ ಹಾಗಾಯಿತು ಎಂದ. ಏನೆಂದು ಓಗೊಟ್ಟರು ಎಂಬುದನ್ನು ಅವನು ಹೇಳಲಿಲ್ಲ.

"ಬಂದೆ ಬಂದೆ ಅಂತ ಎರಡು ಸಲ ಅಂದ್ರಾ? ಅವರು ಯಾವಾಗ್ಲೂ ಎರಡು ಸಲ ಅಂತಾರೆ."

ಗಂಟಲಣ್ಣ ಸ್ಟೂಲಿನ ಮೇಲೆ ಕೂತುಬಿಟ್ಟ. ಒಳಗಿನಿಂದ ಗಂಟೆಯ ಸದ್ದು ಬಂತು. ವಿಚಾರಣಾಧಿಕಾರಿ ಮೇಡಂ ಹಾಳೆ ಸಿದ್ಧಮಾಡಿಕೊಂಡು ಕಾಯುತ್ತಿದ್ದರು. ಆಕೆ ಕೆಟ್ಟವರಲ್ಲ, ಎರಡು ಸಲ ಮುಂದೂಡಲು ದಾರಿ ಹುಡುಕಿ ಸೋತಿದ್ದರು. ಪೊಲೀಸರ ಕಾಗದವಿಲ್ಲದೆ ಕಾಣೆಯಾದವನೂ ಗೈರುಹಾಜರಾದವನೂ ಒಂದೇ ಎಂದು ನಿಯಮವಿದ್ದರೆ ಆಕೆಯಾದರೂ ಏನು ಮಾಡಬೇಕು. ಷರಾ ಹಾಕಿ ಎಂದು ಹಾಳೆ ಅವನತ್ತ ತಳ್ಳಿದರು. ಪೆನ್ನು ತೆರೆದವನು ಬರೆಯಲಿಲ್ಲ. ಆಮೇಲೆ, ಮೂರನೆಯ ಕೂಗಿಗೆ ಉತ್ತರ ಬಂತೆಂದು ಹೇಳಿದ, ಬಾಗಿಲಿನ ಅಗಳಿಯ ಸಂಗತಿಯನ್ನೂ ಹೇಳಿದ. ಮೇಡಂ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ದನಿನ ನಾನು ಹಾಜರಿ ಅಂತ ಬರ್ಕೊಳ್ಳೋಕೆ ಆಗಲ್ಲ. ಆದ್ರೆ ಹೋದ ಎರಡು ಸಲಾನೂ ಹೀಗೇ ಉತ್ತರ ಬಂತಾ?"

ಅವನು ಪೆನ್ನಿಗೆ ಮುಚ್ಚಳ ಹಾಕಿದ. ಎರಡು ಸಲವೂ ಮೂರನೆಯ ಕೂಗೇ ಇರಲಿಲ್ಲ, ಉತ್ತರ ಎಲ್ಲಿಂದ ಬರಬೇಕು. ಮೇಡಂ ಅವನ ಮುಖವನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷ ತಪ್ಪಿತಸ್ಥರ ಮುಖ ನೋಡಿದವರಿಗೆ ಅಷ್ಟು ಸಾಕಾಯಿತು.

"ಬಾಯಿ ಬಿಡೋಕೆ ಮುಂಚೆ ಯೋಚನೆ ಮಾಡಿ," ಎಂದು ಮೆಲ್ಲಗೆ ಹೇಳಿದರು. "ನೀವು ಹೇಳಿಬಿಟ್ರೆ ನಾನು ಕೇಳಿಸ್ಕೊಂಡಿಲ್ಲ ಅನ್ನೋಕಾಗಲ್ಲ."

ನಿವೃತ್ತಿಗೆ ಇನ್ನು ಮೂರು ತಿಂಗಳು. ಸುಮ್ಮನಿದ್ದರೆ ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದು. ಹೇಳಿದರೆ ಸುಳ್ಳು ಷರಾ ಬರೆದವನೆಂದು ಅವನ ಮೇಲೆಯೇ ಆರೋಪಪಟ್ಟಿ, ಪಿಂಚಣಿಗೆ ಕತ್ತರಿ. ಮನೆಯಲ್ಲಿ ಹೆಂಡತಿ, ಅವಳ ಕಣ್ಣಿನ ಆಪರೇಷನ್ನು, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂತು. ಬಾಗಿಲ ಸಂದಿಯಲ್ಲಿ ರವಾನೆ ಗುಮಾಸ್ತನ ಹೆಂಡತಿ ಕಾಣುತ್ತಿದ್ದಳು. ಅವಳು ಒಳಗೆ ನೋಡುತ್ತಿರಲಿಲ್ಲ. ಹಿಂದಿನ ಮೆಟ್ಟಿಲಿನ ಕಡೆಗೇ ನೋಡುತ್ತಿದ್ದಳು, ಯಾರೋ ಈಗ ಬರುತ್ತಾರೆ ಎನ್ನುವವರ ಹಾಗೆ.

"ಒಂದೇ ಸಲ ಕೂಗಿದ್ದು, ಮೇಡಂ. ಎರಡೂ ದಿನ." ಹಾಳೆಯನ್ನು ಆಕೆಯತ್ತ ಹಿಂದಕ್ಕೆ ತಳ್ಳಿದ. "ಯಾವಾಗ್ಲೂ."

ಎರಡು ದಿನದ ಹಾಳೆಗಳು ರದ್ದಾದವು. ಹೊಸ ನೋಟೀಸು, ಹೊಸ ದಿನಾಂಕ. ಸರ್ಕಾರದ ಕೆಲಸ ನಿಧಾನ ಎಂದು ಬೈಯುವವರಿಗೆ ಹೇಳಬೇಕಾದ್ದು ಇಷ್ಟೇ: ಆ ನಿಧಾನದಲ್ಲಿ ಒಂದು ಸಂಸಾರ ಉಳಿಯಿತು. ಹೊಸ ವಿಚಾರಣೆಯ ಮೊದಲ ದಿನಕ್ಕೆ ಮೊದಲೇ ಪೊಲೀಸರ ಕಾಗದ ಬಂತು, ರವಾನೆ ಗುಮಾಸ್ತನ ಫೈಲು ಮುಚ್ಚಿತು. ಗಂಟಲಣ್ಣನ ಫೈಲು ತೆರೆಯಿತು. ನಿವೃತ್ತಿಯಾದರೂ ವಿಚಾರಣೆ ಬಿಡುವುದಿಲ್ಲವೆಂದು ಬರೆದು ಕೊಟ್ಟರು. ಮನೆಯಲ್ಲಿ ಹೆಂಡತಿ ಆರೋಪಪಟ್ಟಿಯನ್ನು ಎರಡು ಸಲ ಓದಿಸಿ ಕೇಳಿದಳು. ಮೂವತ್ತು ವರ್ಷ ನನ್ನ ಮೇಲೆ ಕೂಗಾಡೋಕೆ ಗಂಟಲಿತ್ತಲ್ಲ, ಅಲ್ಲಿ ಇನ್ನೆರಡು ಸಲ ಕೂಗೋಕೆ ಏನಾಗಿತ್ತು ನಿಮಗೆ ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ತುಂಬ ಹೊತ್ತು ಹೊರಗೆ ಬರಲಿಲ್ಲ.

ಸಹಾಯಕ್ಕೆ ಒಬ್ಬ ನಿವೃತ್ತ ಹೆಡ್ ಗುಮಾಸ್ತರು ಸಿಕ್ಕರು. ಎಷ್ಟೋ ಜನರ ಕೆಲಸ ಉಳಿಸಿದ ಈ ಮುದುಕರಿಗೆ ಕಾನೂನಜ್ಜ ಎಂದು ಹೆಸರು. ಒಪ್ಪಿಕೊಂಡದ್ದು ಒಪ್ಪಿಕೊಂಡಾಯಿತು, ಇನ್ನು ಅದರಿಂದ ಯಾರಿಗೂ ತೊಂದರೆಯಾಗಿಲ್ಲ ಎಂದು ತೋರಿಸಿದರೆ ಸಣ್ಣ ಶಿಕ್ಷೆಯಲ್ಲಿ ಮುಗಿಯುತ್ತದೆ, ಪಿಂಚಣಿಗೆ ಕೈ ಹಾಕುವುದಿಲ್ಲ ಎಂಬುದು ಅವರ ಲೆಕ್ಕ. ಆರೋಪ ಹೊತ್ತವನಿಗೆ ದಾಖಲೆ ನೋಡುವ ಹಕ್ಕಿದೆ. ಅವನು ಷರಾ ಹಾಕಿದ ಫೈಲುಗಳು ನಲವತ್ತೊಂದು. ಒಂದೊಂದನ್ನೂ ನೋಡಿ, ಬಾರದವರು ಬರುವ ಮನಸ್ಸೇ ಇಲ್ಲದವರಾಗಿದ್ದರು ಎಂದು ಪಟ್ಟಿ ಮಾಡು ಎಂದರು. "ನೀನು ಹತ್ತು ಸಲ ಕೂಗಿದ್ರೂ ಅವರು ಬರ್ತಿರ್ಲಿಲ್ಲ ಕಣಪ್ಪ. ಅದನ್ನ ತೋರಿಸಿಬಿಟ್ರೆ ಗೆದ್ದ ಹಾಗೆ."

ದಾಖಲೆ ಕೋಣೆ ಅದೇ ಮೂರನೆಯ ಮಹಡಿಯಲ್ಲಿ, ಹಿಂದಿನ ಮೆಟ್ಟಿಲಿಗೆ ತಾಗಿಕೊಂಡಿತ್ತು. ದಾಖಲೆಯ ಗುಮಾಸ್ತ ಬೀಗ ತೆಗೆದು, ಮೇಜು ಕುರ್ಚಿ ತೋರಿಸಿ, ಸಂಜೆ ಐದಕ್ಕೆ ಬರುತ್ತೇನೆಂದು ಹೋಗುತ್ತಿದ್ದ. ಮೂರು ದಿನ ಗಂಟಲಣ್ಣ ಒಬ್ಬನೇ ಕೂತು ಓದಿದ. ಕಾನೂನಜ್ಜನ ಮಾತು ನಿಜವಾಗುತ್ತ ಬಂತು. ಒಬ್ಬ ಹೊರದೇಶದಲ್ಲಿ ಅಂಗಡಿ ಇಟ್ಟವನು. ಇನ್ನೊಬ್ಬ ಬರುವುದಿಲ್ಲವೆಂದು ತಾನೇ ಬರೆದುಕೊಟ್ಟವನು. ಹದಿನೇಳು ಫೈಲು ಮುಗಿದಾಗ ಅವನಿಗೆ ಎದೆ ಹಗುರಾಯಿತು. ಎಲೆ ಅಡಿಕೆ ಹಾಕಿಕೊಂಡು, ಮೆಲ್ಲಗೆ ಗುನುಗುತ್ತ ಹದಿನೆಂಟನೆಯದರ ದಾರ ಬಿಚ್ಚಿದ.

ಒಬ್ಬ ಬೆರಳಚ್ಚುಗಾರ್ತಿಯದು. ಹತ್ತೊಂಬತ್ತು ವರ್ಷ ಹಿಂದಿನದು. ಅವನ ಷರಾ ಇತ್ತು, ರುಜು ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. ಮುಂದಿನ ಹಾಳೆಯನ್ನು ಅವನು ಯಾವತ್ತೂ ನೋಡಿರಲಿಲ್ಲ. ಜವಾನನಿಗೆ ಮುಂದಿನ ಹಾಳೆ ಯಾರು ತೋರಿಸುತ್ತಾರೆ. ಅದು ಅವಳ ಪತ್ರವಾಗಿತ್ತು. 'ಮಾನ್ಯರೇ, ಆ ದಿನ ಲಿಫ್ಟು ಕೆಟ್ಟಿತ್ತು. ನನ್ನ ಒಂದು ಕಾಲು ಸ್ವಾಧೀನವಿಲ್ಲ. ಹೆಸರು ಕೂಗಿದರೆ ಯಾರ ಕೈಯನ್ನಾದರೂ ಹಿಡಿದು ಮೇಲೆ ಬರೋಣವೆಂದು ಹತ್ತೂವರೆಯಿಂದ ಹಿಂದಿನ ಮೆಟ್ಟಿಲ ಕೆಳಗೆ ಕೂತಿದ್ದೆ. ಹನ್ನೆರಡೂವರೆಯವರೆಗೆ ಆ ಮೆಟ್ಟಿಲಿನಿಂದ ನನ್ನ ಹೆಸರನ್ನು ಯಾರೂ ಕೂಗಲಿಲ್ಲ, ಕೋಣೆಯ ಬಾಗಿಲಲ್ಲಿ ಕೂಗಿದ್ದು ಕಟ್ಟಡದ ಹಿಂಬದಿಗೆ ಕೇಳಿಸುವುದಿಲ್ಲ. ಮೂರು ದಿನವೂ ಹೀಗೆಯೇ ಆಯಿತು. ದಯಮಾಡಿ ನನ್ನ ಮಾತನ್ನು ಒಮ್ಮೆ ಕೇಳಬೇಕು.' ಅದರ ಬದಿಯಲ್ಲಿ ಅಂದಿನ ಅಧಿಕಾರಿಯ ಕೈಬರಹವಿತ್ತು: 'ಜವಾನನ ಷರಾ ಸ್ಪಷ್ಟವಾಗಿದೆ. ಮನವಿ ತಿರಸ್ಕರಿಸಿದೆ.' ಅದರ ಕೆಳಗೆ ವಜಾ ಆದೇಶ ಕಳಿಸಿದ ಲಕೋಟೆ, ವಿಳಾಸದಾರರು ತೀರಿಕೊಂಡಿದ್ದಾರೆ ಎಂದು ಅಂಚೆಯವರು ಬರೆದು ವಾಪಸು ಕಳಿಸಿದ್ದು. ಅದನ್ನು ಯಾರೂ ಒಡೆದಿರಲಿಲ್ಲ.

ಬಾಯಲ್ಲಿದ್ದದ್ದನ್ನು ಉಗಿದು ಬಂದ. ಮತ್ತೆ ಓದಿದ. ಅವಳ ಮುಖ ನೆನಪು ಮಾಡಿಕೊಳ್ಳಲು ನೋಡಿದ, ಬರಲಿಲ್ಲ. ನೋಡಿದ್ದರೆ ತಾನೇ ನೆನಪಾಗುವುದು. ಆ ಹಾಳೆಯನ್ನು ಬಿಟ್ಟು ಮುಂದಿನ ಫೈಲು ತೆಗೆದರೆ ಕೇಳುವವರಿಲ್ಲ, ಕಾನೂನಜ್ಜನೂ ಇಷ್ಟು ಧೂಳಿಗೆ ಬಂದು ಹುಡುಕುವುದಿಲ್ಲ. ಗಂಟಲಣ್ಣ ಪೆನ್ನು ತೆಗೆದು ತನ್ನ ಪಟ್ಟಿಯಲ್ಲಿ ಹದಿನೆಂಟು ಎಂದು ಬರೆದು, ಅದರ ಮುಂದೆ ಅವಳ ಪತ್ರವನ್ನು ಒಂದಕ್ಷರ ಬಿಡದೆ ಇಳಿಸಿದ. ಕೆಳಗೆ 'ಇವರು ಬಂದಿದ್ದರು, ನಾನು ಕೂಗಲಿಲ್ಲ' ಎಂದು ಬರೆದು ರುಜು ಹಾಕಿದ. ಈ ಸಲ ರುಜು ಕೆಟ್ಟಿತು. ಅವನಿಗೆ ಅಳು ಬಂತು, ಅತ್ತ.

ಆಮೇಲೆ ಎದ್ದು, ಕಣ್ಣು ಒರೆಸಿಕೊಂಡು, ಕೋಣೆಯ ಬಾಗಿಲಲ್ಲಿ ನಿಂತು ಅವಳ ಹೆಸರು ಹುದ್ದೆ ಹಿಡಿದು ಕೂಗಿದ. ಮುಂದಿನ ಮೆಟ್ಟಿಲ ತಲೆಗೆ ಹೋಗಿ ಎರಡನೆಯ ಸಲ ಕೂಗಿದ. ಕೆಲಸ ಮಾಡುತ್ತಿದ್ದವರು ತಲೆಯೆತ್ತಿ ನೋಡಿ, ಪಾಪ, ತಲೆ ಕೆಟ್ಟಿದೆ ಎಂದುಕೊಂಡರು. ಹಿಂದಿನ ಮೆಟ್ಟಿಲ ತಲೆಗೆ ಬಂದು ಕಟಕಟೆ ಹಿಡಿದು ಮೂರನೆಯ ಸಲ ಕೂಗಿದ.

ಯಾರೂ ಓಗೊಡಲಿಲ್ಲ. ಅವನು ಕಾದ, ಹನ್ನೆರಡು ಹೊಡೆದ ಮೇಲೂ ಕಾದ. ಆಗ ಅಗಳಿ ಹಾಕಿದ ಬಾಗಿಲ ಹತ್ತಿರ, ಕೆಳಗೆಲ್ಲೋ, ಯಾರೋ ಕಷ್ಟಪಟ್ಟು ಎದ್ದು ನಿಂತ ಸದ್ದಾಯಿತು. ಒಂದು ಹೆಜ್ಜೆ, ಅದರ ಹಿಂದೆ ಇನ್ನೊಂದು ಕಾಲನ್ನು ಎಳೆದು ತರುವ ಸದ್ದು. ನಿಂತು ಉಸಿರು ತೆಗೆದುಕೊಂಡು ಮತ್ತೊಂದು ಮೆಟ್ಟಿಲು. ಗಂಟಲಣ್ಣನಿಗೆ ಓಡಿಹೋಗಬೇಕೆನಿಸಿತು. ಓಡಲಿಲ್ಲ. ನಿಧಾನವಾಗಿ ಬನ್ನಿ ತಾಯಿ ಎನ್ನುತ್ತ, ಕತ್ತಲ ಕಡೆಗೆ ಕೈ ಚಾಚಿಕೊಂಡು ಒಂದೊಂದೇ ಮೆಟ್ಟಿಲು ಇಳಿಯತೊಡಗಿದ.